ಮೂರನೇ ಜ್ವರದ ರಾತ್ರಿ

ಹುಳ ಜ್ವರಕ್ಕೆ ಕೂತಿವೆ.
ತಲೆ ಎತ್ತಿ, ಸೊಪ್ಪು ಮುಟ್ಟದೆ,
ತಟ್ಟೆ ತಟ್ಟೆಯೂ ಮೌನ.

ಮನೆಯೊಳಗೆ ಇಪ್ಪತ್ತಾರು ಡಿಗ್ರಿ ಇರಲೇಬೇಕು.
ಹೊರಗೆ ಹನ್ನೊಂದು. ನಂದಿ ಕಡೆಯಿಂದ ಇಳಿದ ಚಳಿ
ತಗಡಿನ ಮೇಲೆ ಬೆರಳಾಡಿಸುತ್ತಿದೆ.

ಹೋದ ವರ್ಷ ಇದೇ ಪುಷ್ಯದಲ್ಲಿ
ಪಿಳ್ಳಮ್ಮತ್ತೆ ಕುಂಪಟಿ ಪಕ್ಕ ಕೂತು
ಊದಿ ಊದಿ ಬೆಳಗು ಮಾಡಿದ್ದಳು.
ಇದ್ದಿಲ ಹೊಗೆಗೆ ಆರು ತಟ್ಟೆ ಹುಳ ಹೋದವು,
ಅವಳ ಕೆಮ್ಮು ಮಾತ್ರ ಹೋಗಲಿಲ್ಲ.

ಈಗ ಗೋಡೆಯಾಚೆ ಒಂದು ಬಿಳಿ ಪೆಟ್ಟಿಗೆ.
ಶಿಡ್ಲಘಟ್ಟದ ನಯಾಜ್ ಕೂರಿಸುವಾಗ ಹೇಳಿದ:
“ಒಂದು ಪಾಲು ಕರೆಂಟು ಕೊಡಿ, ಮೂರು ಪಾಲು ಬಿಸಿ ಕೊಡುತ್ತೆ.”
“ಉಳಿದೆರಡು ಯಾರ ಮನೇದಪ್ಪ?”
“ಗಾಳೀದು ಅಕ್ಕಾ.”
“ಈ ಗಾಳೀದಾ? ನನ್ನ ಮೂಗೇ ಮರಗಟ್ಟಿದೆ!”

ಅವಳು ಇವತ್ತಿಗೂ ನಂಬಿಲ್ಲ.
ಗಂಟೆಗೊಮ್ಮೆ ಎದ್ದು
ಗೋಡೆಗೆ ಅಂಗೈ ಒತ್ತಿ ನೋಡುತ್ತಾಳೆ,
ಮಗುವಿನ ಹಣೆ ಮುಟ್ಟುವ ಹಾಗೆ.
ಕುಂಪಟಿ ಇನ್ನೂ ಮೂಲೆಯಲ್ಲಿದೆ. ಇರಲಿ,
ರಾತ್ರಿ ಮೂರರ ಕರೆಂಟನ್ನು ನಾನೂ ಪೂರ್ತಿ ನಂಬಿಲ್ಲ.

ಆದರೆ ಪೆಟ್ಟಿಗೆಯ ಮುಂದೆ,
ಬಿಸಿ ಕಳಕೊಂಡ ಗಾಳಿ ಬಂದು ಬೀಳುವಲ್ಲಿ,
ಸಂಜೆ ಕೊಯ್ದ ಹಿಪ್ಪುನೇರಳೆ ಸೊಪ್ಪನ್ನು
ಒದ್ದೆ ಗೋಣಿ ಹೊದಿಸಿ ಇಟ್ಟವಳು ಅವಳೇ.
ಈಗ ಎತ್ತಿ ನೋಡಿದರೆ
ಎಲೆ ಇನ್ನೂ ಗಿಡದಲ್ಲೇ ಇದ್ದಂತಿದೆ.
ಇದನ್ನು ನಯಾಜ್ ಹೇಳಿರಲಿಲ್ಲ.

ಐದು ಗಂಟೆಗೆ ಮೂರನೇ ತಟ್ಟೆಯಲ್ಲಿ ಒಂದು ಹುಳ
ಹಳೇ ಚರ್ಮದಿಂದ ಹೊರಗೆ ತಲೆ ಹಾಕಿತು.
ಕಾಯಬೇಕು, ಎಲ್ಲವೂ ಏಳಲಿ.
ಅತ್ತೆ ಮಗ್ಗುಲಾದಳು, ಪೆಟ್ಟಿಗೆಯ ಗುಂಯ್ ಕೇಳುತ್ತ.
ಅವಳು ಕೆಮ್ಮಲಿಲ್ಲ ಎಂಬುದು
ನನಗೆ ಹೊಳೆದದ್ದು ಆಮೇಲೆ.