ಕಂಸದೊಳಗಿನ ಪದ

ಒಪ್ಪಿಗೆಯಾಗದ ಮಾತನ್ನು ಅವರು
ಚೌಕ ಕಂಸದೊಳಗೆ ಇಡುತ್ತಾರಂತೆ.
ವಾರಿಜ ಬರೆದಿದ್ದಳು ನ್ಯೂಯಾರ್ಕಿನಿಂದ,
ಗಾಜಿನ ಕಟ್ಟಡದ ಹಿಂದಿನ ಸಾಲಿನಿಂದ,
ಅವಳ ಗಾಲಿಕುರ್ಚಿ ಹಿಡಿಸಿದ್ದು ಅಲ್ಲಿ ಮಾತ್ರ.

ಓದಿ ಹೇಳಿದೆ,
ದುರ್ಗಿಗುಡಿಯ ಅಡ್ಡರಸ್ತೆಯ ಖಲಂದರ್ ಸಾಬರ ಸೈಕಲ್ ಶಾಪಿನಲ್ಲಿ.
ಮಹಡಿಯ ಕೋಣೆಗೆ ಹತ್ತೊಂಬತ್ತು ಮೆಟ್ಟಿಲು.
ಸಂಘದ ಬೋರ್ಡು ಮೇಲಿದೆ, ಸಂಘ ಕೆಳಗೆ.

"ಕಂಸ ಅಂದ್ರೆ ಕೃಷ್ಣನ ಸೋದರಮಾವ ಅಲ್ವಾ?"
ಬಿಳಿ ಕೋಲು ಮಡಿಸುತ್ತ ಟಾಕಪ್ಪ ಕೇಳಿದ.
"ಹಾಗಾದ್ರೆ ಸರಿ. ಹುಟ್ಟೋ ಮೊದಲೇ ಸೆರೆ."
ಜೈತುನ್‌ಬಿಗೆ ಮಗಳು ಕೈಯಲ್ಲಿ ಹೇಳಿದಳು:
ಎರಡು ಅಂಗೈ ಎದುರುಬದುರು ನಿಲ್ಲಿಸಿ
ನಡುವೆ ಗಾಳಿಯೂ ಆಡದ ಹಾಗೆ.

ತಾಲ್ಲೂಕು ಕಚೇರಿ ಎದುರಿನ ಟೈಪಿಸ್ಟು ನಾನು.
ಅರ್ಜಿ, ಕ್ರಯಪತ್ರ, ಪಾಲುಪಟ್ಟಿ.
ಕಾಲಿಗೆ ಕ್ಯಾಲಿಪರ್, ಬೆರಳಿಗೆ ಕಾನೂನು:
‘ತಕ್ಕದ್ದು’ ಎಂದರೆ ಕಡತ ಮೇಜು ಹತ್ತುತ್ತದೆ,
‘ಬಹುದು’ ಎಂದರೆ ಬೀರು ಸೇರುತ್ತದೆ,
‘ಸಾಧ್ಯವಾದಷ್ಟು ಮಟ್ಟಿಗೆ’ ಎಂದರೆ
ಗೆದ್ದಲಿಗೆ ಊಟ.
ಕರಡಿನಲ್ಲಿ ಮೂರೂ ಇದ್ದವು.

ರಾತ್ರಿ ಕೂತು ಕನ್ನಡಕ್ಕೆ ತಂದೆ.
ಮೊದಲ ಜಗಳ ನಮ್ಮ ಹೆಸರಿನದೇ.
ಅಂಗವಿಕಲ? ವಿಕಲಚೇತನ?
"ವಿಶೇಷ ಅಂತ ಸೇರಿಸೋಣ, ಕೇಳೋಕೆ ಚೆನ್ನಾಗಿರುತ್ತೆ,"
ಲಿಗೋರಿ ಮಾಸ್ತರು ಅಂದರು.
ಗುತ್ಯಮ್ಮ ಕೈಯೂರಿ ಹತ್ತಿರ ಸರಿದಳು,
ಹಂದಿಗೋಡಿನವಳು.
"ನಮ್ ಸೊಂಟ ಅಳೆದ್ರು, ರಕ್ತ ಒಯ್ದ್ರು,
ಕೊನೆಗೆ ನಮ್ಮೂರಿನ ಹೆಸರನ್ನೇ ರೋಗಕ್ಕೆ ಇಟ್ರು.
ನೀ ಏನಾದ್ರೂ ಬರ್ಕೋ ತಂಗಿ,
ಯಾರನ್ನ ಕೇಳಿ ಬರ್ದೆ ಅನ್ನೋದನ್ನೂ ಕೆಳಗೆ ಬರಿ."
ಆಮೇಲೆ ಸ್ವಲ್ಪ ಹೊತ್ತು
ಖಲಂದರ್ ಸಾಬರ ಪಂಪು ಮಾತ್ರ ಉಸಿರಾಡುತ್ತಿತ್ತು.

ಆ ವಾರ ಕಂಸದೊಳಗೆ ಉಳಿದದ್ದು ಇಷ್ಟೇ:
ತನ್ನ ಸಹಿ ತಾನೇ ಹಾಕುವ ಹಕ್ಕು.
ಬುದ್ಧಿ ಸಾಲದವರಿಗೂ ಇದೆಯೇ ಅದು ಎಂದು
ದೇಶ ದೇಶಗಳು ತಲೆ ಕೆರೆದುಕೊಂಡು
ಅಡಿಟಿಪ್ಪಣಿ ಬೇಡುತ್ತಿದ್ದವು.

ಕೆರಿಯ ಮೂಲೆಯಲ್ಲಿ ಕೂತಿದ್ದ.
ಬುದ್ಧಿ ಸಾಲದೆಂದು ಊರು ತೀರ್ಪು ಕೊಟ್ಟ ಮೂವತ್ತರ ಆಳು.
ಅವನ ಹೆಬ್ಬೆರಳನ್ನು ಅಣ್ಣ ಹಿಡಿದು
ಮೂರು ಕಾಗದಕ್ಕೆ ಒತ್ತಿಸಿದ್ದ,
ಮೂರನೆಯದರಲ್ಲಿ ಎಂಟು ಗುಂಟೆ ಹೋಯಿತು.
‘ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ’
ಒಂದು ಅಕ್ಷರ ತಪ್ಪಿರಲಿಲ್ಲ ಅದರಲ್ಲಿ.
ಟೈಪು ಮಾಡಿದ್ದು ನಾನು.

"ಕೆರಿಯಾ, ನಿನ್ ಸಹಿ ಯಾರು ಹಾಕ್ಬೇಕು?"
ಅವನು ತಲೆಯೆತ್ತಲಿಲ್ಲ.
ಟ್ಯೂಬನ್ನು ಬಾಣಲೆಯ ನೀರಿನಲ್ಲಿ
ಗೇಣು ಗೇಣು ಸರಿಸುತ್ತ ಹೋದ,
ಗುಳ್ಳೆ ಎದ್ದ ಕಡೆ ಬೆರಳಿಟ್ಟ.
"ಇಲ್ಲಿ. ಗಾಳಿ ಇಲ್ಲಿ ಹೋತೈತೆ."
ಅದನ್ನೇ ಬರೆದು ಫ್ಯಾಕ್ಸ್ ಮಾಡಿದೆವು.
ವಾರಿಜ ಅದನ್ನು ಹೇಗೆ ಇಂಗ್ಲಿಷಿಗೆ ತಂದಳೋ,
ಯಾರ ಕಿವಿಗೆ ಹಾಕಿದಳೋ.

ಫೋನು ಬಂದಾಗ ನಮಗೆ ಹನ್ನೊಂದು ಗಂಟೆ,
ಅವಳಿಗೆ ಇನ್ನೂ ಮಧ್ಯಾಹ್ನ.
ಗರಗರ, ನಗುವಿನಂಥದೇನೋ, ಅಥವಾ ಕೆಮ್ಮು, ಆಮೇಲೆ
"ತೆಗೆದರು" ಎಂದಳು.
ಲೈನು ಕಡಿಯಿತು.

ತೆಗೆದದ್ದು ಏನು?
ಜೈತುನ್‌ಬಿ ಅಂಗೈ ಎರಡೂ ಎತ್ತಿ ನನ್ನನ್ನೇ ನೋಡಿದಳು:
ಗೋಡೆ ಬಿತ್ತಾ? ಒಳಗಿದ್ದದ್ದು ಬಿತ್ತಾ?
ಟಾಕಪ್ಪ ರಿಸೀವರನ್ನು ಕಿವಿಯಿಂದ ಇಳಿಸಲಿಲ್ಲ.

ಆಗ ಹೇಳಿದೆ,
ಇನ್ನೆಂದೂ ಬಾಯಿ ಬರಲಾರದೆಂಬ ಭಯಕ್ಕೆ:
"ಕೆರಿಯಾ, ಆ ಮೂರನೇ ಕಾಗದ ನಂದು."
ಅವನು ಬಾಣಲೆಯ ನೀರನ್ನು ರಸ್ತೆಗೆ ಚೆಲ್ಲಿದ.
"ಗೊತ್ತು. ಟಕಟಕ ಅಂತಿತ್ತು.
ನೀ ನನ್ ಕಡೆ ನೋಡ್ಲಿಲ್ಲ."

ಫೋನು ಮತ್ತೆ ಬಡಿದುಕೊಂಡಿತು.
ಕೈ ಚಾಚಿದರೆ ಎಟುಕುತ್ತಿತ್ತು.
ಮೊದಲು ಅವನ ಕಡೆ ನೋಡಿದೆ.