ಕಿವಿಗುರುತು

ಲಾಂಚು ಬರುವುದಿಲ್ಲವೆಂದು ಬೆಳಗಿನ ಐದಕ್ಕೇ ಬರೆದಿದ್ದೆ,
ನಾನೂರ ಹನ್ನೆರಡು ಮಂದಿಗೆ:
ಗಾಳಿ ಜೋರಿದೆ, ಕಡಲು ಎದ್ದಿದೆ, ಮನೆಯಲ್ಲೇ ಇರಿ.

ಒಂಬತ್ತಕ್ಕೆ ನೋಡಿದರೆ ಧಕ್ಕೆಯ ತುದಿಯಲ್ಲಿ ತ್ರೊಂದುರ್,
ಪಕ್ಕದಲ್ಲಿ ಆಚೆಯ ದ್ವೀಪಕ್ಕೆ ಮಾರಿದ ಟಗರು.
ಇಬ್ಬರೂ ಒಂದೇ ಉಣ್ಣೆಯಲ್ಲಿ ನೆನೆದಿದ್ದರು.

‘ಹೇಳಬಾರದಿತ್ತೇ, ರನ್ವಾ?’
‘ಹೇಳಿದ್ದೆ.’
‘ಇಲ್ಲ.’
ನಮ್ಮ ಫೆರೋ ದ್ವೀಪಗಳಲ್ಲಿ ಜಗಳಕ್ಕೆ ಇಷ್ಟೇ ಉದ್ದ.

ಅವನ ಫೋನು ಇಸಿದುಕೊಂಡು ಕೆದಕಿದೆ.
ಸ್ಪ್ಯಾಮಿನ ತಿಪ್ಪೆಯಲ್ಲಿ
ಲಾಟರಿ ಹೊಡೆದ ಸುದ್ದಿಗೂ ಕೂದಲು ಬೆಳೆಸುವ ಎಣ್ಣೆಗೂ ನಡುವೆ
ನನ್ನ ಗಾಳಿ, ನನ್ನ ಕಡಲು,
ಕಂಪನಿಯ ಹೆಸರಿನ ಕೆಳಗೆ ನನ್ನ ಹೆಸರು,
ಕಳ್ಳರ ಸಾಲಿನಲ್ಲಿ ತಂದು ನಿಲ್ಲಿಸಿದ ಹಾಗೆ.

ರಾತ್ರಿ ತೋರ್ಸ್‌ಹಾವ್ನ್‌ನಿಂದ ಬಾರ್ದುರ್ ಫೋನಿನಲ್ಲಿ ನಕ್ಕ:
‘ನಿಮ್ಮ ಹೆಸರು ಹಾಕಿಕೊಂಡು ಯಾರು ಬೇಕಾದರೂ ಬರೆಯಬಹುದು.
ನೀನೇ ಬರೆದೆ ಎನ್ನಲು ಏನಿದೆ ಗುರುತು?
ಬಾಗಿಲು ಕಾಯುವವನದೇನು ತಪ್ಪು?’
ಅವನು ಹೇಳುತ್ತ ಹೋದ, ನಾನು ಟೈಪಿಸುತ್ತ ಹೋದೆ.
ನಮ್ಮ ಓಲೆ ಹೊರುವ ಸರ್ವರುಗಳು ಇವಿಷ್ಟೇ ಎಂದು ಒಂದು ಸಾಲು.
ಪ್ರತಿ ಓಲೆಗೂ ಗುಟ್ಟಿನ ಕೀಲಿಯಿಂದ ಒತ್ತಿದ ಮುದ್ರೆ,
ಆ ಮುದ್ರೆಯನ್ನು ತಿಕ್ಕಿ ನೋಡುವ ಒರೆಗಲ್ಲು ಮಾತ್ರ
ಊರೆದುರು, ಯಾರಿಗೂ ಸಿಗುವಂತೆ.
ಯಾವುದಕ್ಕೂ ತಾಳೆಯಾಗದೆ ನಮ್ಮ ಹೆಸರಲ್ಲಿ ಬಂದದ್ದನ್ನು
ಹೊಸ್ತಿಲು ದಾಟಿಸಬೇಡಿ ಎಂಬ ಅಪ್ಪಣೆ.
ಒಂದು ಚುಕ್ಕಿ ತಪ್ಪಿ ಎರಡು ಗಂಟೆ ಹೋಯಿತು.

ಮುಂದಿನ ವಾರ ತ್ರೊಂದುರನಿಗೆ ಇದನ್ನೆಲ್ಲ ಬಿಡಿಸಿ ಹೇಳಹೊರಟೆ.
ಅರ್ಧಕ್ಕೇ ತಡೆದು, ಟಗರಿನ ಎಡಗಿವಿ ಮಡಚಿ ತೋರಿಸಿದ:
ತುದಿಯಲ್ಲೊಂದು ಸೀಳು, ಹಿಂದೊಂದು ಕಚ್ಚು.
‘ನನ್ನಜ್ಜನದು. ಪುಸ್ತಕದಲ್ಲಿ ದಾಖಲಾಗಿದೆ.
ಬೆಟ್ಟದ ಮೇಲೆ ಯಾರ ಕೈಗೆ ಸಿಕ್ಕರೂ
ಕಿವಿ ನೋಡಿ ನನ್ನ ಬಾಗಿಲಿಗೆ ತಂದುಬಿಡುತ್ತಾರೆ.
ನೀನು ಇಷ್ಟು ದಿನ
ಕಿವಿ ಕುಯ್ಯದೆಯೇ ಓಲೆಗಳನ್ನು ಬೆಟ್ಟಕ್ಕೆ ಅಟ್ಟುತ್ತಿದ್ದೆಯಾ?’

ಹೂಂ, ತ್ರೊಂದುರ್.
ಆದರೆ ಗುರುತಿದ್ದ ಮಾತ್ರಕ್ಕೆ ಟಗರು ಸಾಧುವಲ್ಲ,
ಅದು ನನ್ನ ಮೊಣಕಾಲಿಗೆ ಗೊತ್ತು.
ಯಾರದೆಂದು ತಿಳಿಯುತ್ತದೆ, ಅಷ್ಟೆ.
ಮುದ್ರೆ ಒತ್ತಿಸಿಕೊಂಡ ಸುಳ್ಳುಗಳೂ ಓಡಾಡಿಕೊಂಡಿವೆ.

ಇವತ್ತು ಮತ್ತೆ ಗಾಳಿ. ಐದಕ್ಕೆ ಬರೆದೆ.
ಆರನೆಯ ನಿಮಿಷಕ್ಕೆ ಅವನಿಂದ ಉತ್ತರ, ಒಂದೇ ಪದ:
‘ಹಾಳಾಗಲಿ.’

ಎಷ್ಟು ಹಿತವಾಯಿತೆಂದರೆ
ಕಾಫಿಗೆ ಎರಡು ಸಲ ಸಕ್ಕರೆ ಹಾಕಿಬಿಟ್ಟೆ.