ಅಳತೆ ಪುಸ್ತಕದ ನಲವತ್ತೊಂದನೇ ಪುಟ

ಎದೆ ಮೂವತ್ತೆಂಟು, ತೋಳು ಇಪ್ಪತ್ನಾಲ್ಕು,
ಎಡ ಭುಜ ಬಲಕ್ಕಿಂತ ಅರ್ಧ ಇಂಚು ಇಳಿಜಾರು.
ಎಪ್ಪತ್ತೆಂಟರ ಜೂನ್. ಸುಂಟಿಕೊಪ್ಪದ ನನ್ನ ಅಂಗಡಿಗೆ ಆಗ
ಬಾಗಿಲಿಲ್ಲ, ಗೋಣಿಪರದೆ.
ಹೆಸರೇನು ಬರೆಯಲಿ ಎಂದೆ. ಕುರಿಯಾಕೋಸ್ ಎಂದರು.
ನನಗೆ ಬಂದಷ್ಟು ಬರೆದೆ: ಕುರಿ ಮಾಸ್ತರು.
ಆರು ತಿಂಗಳಿಗೆ ಕನ್ನಡ ಓದಲು ಕಲಿತು
ಈ ಪುಟ ನೋಡಿ ಬಹಳ ಹೊತ್ತು ನಕ್ಕರು.
ತಿದ್ದಲು ಬಿಡಲಿಲ್ಲ.

ಭುಜ ಇಳಿದದ್ದು ಪೆಟ್ಟಿಗೆ ಹೊತ್ತು, ಅನ್ನುತ್ತಿದ್ದರು.
ಕೋಟ್ಟಯಂ, ಮುಂಬಯಿ, ಹಡಗಲ್ಲಿ ಏಡನ್,
ಬೆಟ್ಟ ಹತ್ತುವ ರೈಲು, ಕೊನೆಗೆ ಜಿಮ್ಮಾ ಎಂಬ ಊರು.
ಅಲ್ಲಿ ದೊರೆ ಬಿದ್ದ, ಬೀದಿಯಲ್ಲಿ ಗುಂಡು.
ಮತ್ತೆ ಪೆಟ್ಟಿಗೆ, ಜಾಂಬಿಯಾದ ಎಂಡೋಲಾ.
ಕೊಡಗಿಗೇ ಯಾಕೆ ಬಂದಿರಿ ಸಾರ್?
ಶೋಶಾಮ್ಮನ ಅಣ್ಣ ಇಲ್ಲೊಂದು ತೋಟದಲ್ಲಿ ರೈಟರು,
ಅಷ್ಟೇ ಕಾರಣ.

ಅವರ ಅಳತೆಯ ಕೆಳಗೆ ಮೂರು ಹುಡುಗಿಯರು.
ಜಿಮ್ಮಾದಲ್ಲಿ ಹುಟ್ಟಿದವಳಿಗೆ ಅಲ್ಲಿನ ಸೂಲಗಿತ್ತಿಯ ಹೆಸರು, ಅಲ್ಮಾಜ್.
ಶಾಲೆಯಲ್ಲಿ ಅಲ್ಮಾರಿ ಅಂದರು; ಒಂದು ವಾರ ಅತ್ತಳು,
ಆಮೇಲೆ ಹೊಡೆದಳು.
ಎಂಡೋಲಾದವಳು ರಾಹೇಲ್.
ಎಂಬತ್ತರಲ್ಲಿ, ಮಡಿಕೇರಿ ಆಸ್ಪತ್ರೆಯಲ್ಲಿ, ಕಾವೇರಿ.
ಪಾದ್ರಿಯವರ ಹುಬ್ಬು ಗಂಟಾದದ್ದು ಊರಿಗೆಲ್ಲ ಗೊತ್ತು.

ಶೋಶಾಮ್ಮ ನರ್ಸು, ರಾತ್ರಿ ಡ್ಯೂಟಿ.
ಬೆಳಿಗ್ಗೆ ಮೂರು ತಲೆಗಳನ್ನು ಜಗಲಿಯಲ್ಲಿ ಸಾಲಾಗಿ ಕೂರಿಸಿ
ಮಾಸ್ತರೇ ಜಡೆ ಹೆಣೆಯುವರು, ನೆತ್ತಿಗಂಟಿದ ಸಣ್ಣ ಸಣ್ಣ ಸಾಲು,
ಜಿಮ್ಮಾದವರ ಹಾಗೆ.
ಬಾಯಲ್ಲಿ ಹೇರ್‌ಪಿನ್ನು, ಅದರ ಸಂದಿಯಿಂದಲೇ ಏಳರ ಮಗ್ಗಿ.
ಸೀಮೆಗಿಲ್ಲದ ಗಂಡಸು ಎಂದು ಸಂತೆಗೆ ಹೊರಟ ಹೆಂಗಸರು ನಕ್ಕರು.
ಮುಂದಿನ ಭಾನುವಾರ ಅವರಲ್ಲೊಬ್ಬಳು
ತನ್ನ ಮಗಳನ್ನೂ ತಂದು ಕೂರಿಸಿದಳು.

"ಅಂಚು ಒಳಗೆ ಬಿಡು ಪೋಕರೇ, ಧಾರಾಳ ಬಿಡು.
ಮಕ್ಕಳು ಬೆಳೆಯುತ್ತಾರೆ, ಬಟ್ಟೆ ಬೆಳೆಯುವುದಿಲ್ಲ."
ಪ್ರತಿ ಜೂನಿಗೆ ಒಂದೊಂದು ಮಡಿಕೆ ಬಿಚ್ಚಿದೆ.
ಹೊರಗೆ ಮಾಸಿದ ನೀಲಿ, ಒಳಗಿಂದ ಬಂದದ್ದು ಹೊಸ ನೀಲಿ.
ಆ ಲಂಗಗಳ ಮೇಲೆ ವರ್ಷ ಎಣಿಸಬಹುದಿತ್ತು.

ಎರಡು ಸಲ ಗಣಿತದಲ್ಲಿ ಬಿದ್ದವನು ನಾನು.
"ಕಂಕುಳ ತಿರುವು ಇಷ್ಟು ಚೆಂದ ಕತ್ತರಿಸುವವನಿಗೆ
ಲೆಕ್ಕ ಬಾರದು ಎಂದ ಕತ್ತೆ ಯಾರು?"
ಮಿಷನ್ನಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದರು.
ಮೂವತ್ತೇಳು ಅಂಕ. ಅಂಗಡಿಗೆ ಬಾಗಿಲು ಬಂದದ್ದೂ ಅದೇ ವರ್ಷ.

ಅವರ ತರಗತಿಯಲ್ಲಿ ಕೊಡವತಕ್ಕ್, ತುಳು, ಮಲಯಾಳ, ಎರವರ ಮಾತು.
ನಮ್ಮದು ಅರೆಭಾಷೆ ಸಾರ್ ಎಂದರಂತೆ ಗೌಡರ ಹುಡುಗರು.
"ನನ್ನದೂ ಅದೇ. ಏಳು ಭಾಷೆ, ಏಳೂ ಅರೆ."
ಸರಿ ಅನ್ನಲಿಕ್ಕೆ ಮಾತ್ರ ಜಿಮ್ಮಾದ ಮಾತು: ಇಶಿ.
ಈಗಲೂ ಸ್ಟ್ಯಾಂಡಿನ ಆಟೋದವರು ಬಾಡಿಗೆ ಒಪ್ಪಿದರೆ
ಇಶಿ ಅನ್ನುತ್ತಾರೆ.
ಅರ್ಥ ಕೇಳಿ ನೋಡಿ, ಗೊತ್ತಿಲ್ಲ.

ಕಾಫಿ ಹುಟ್ಟಿದ್ದು ತಾನಿದ್ದ ಸೀಮೆಯ ಕಾಡಿನಲ್ಲಿ ಎಂದರೆ
ಇಲ್ಲಿ ಯಾರು ನಂಬುತ್ತಾರೆ?
ಅಲ್ಮಾಜಳ ಮದುವೆಯ ಅಳತೆಗೆ ಹೋದ ದಿನ
ಹಸಿ ಬೀಜ ಕಾವಲಿಯಲ್ಲಿ ಹುರಿದು, ಕುಟ್ಟಿ, ಉಪ್ಪು ಹಾಕಿ ಕೊಟ್ಟರು.
ಹೌದು, ಉಪ್ಪು.
ಮೊದಲ ಲೋಟ ಅಬೊಲ್, ಎರಡನೆಯದು ತೋನ,
ಮೂರನೆಯದು ಬರಕ.
ಅದು ನಮ್ಮ ಬರಕತ್ತಲ್ಲವೇ ಸಾರ್ ಎಂದೆ.
ಅದೇ, ಕೂತುಕೋ ಎಂದರು.
ಗುಂಡಿ ಹಾಕುವುದಿತ್ತು. ಎದ್ದು ಬಂದೆ.
ಆಮೇಲೂ ಎಷ್ಟೋ ಸಲ ಎರಡೇ ಲೋಟ;
ಗುಂಡಿ, ಕಾಜ, ಹಬ್ಬದ ಆರ್ಡರು.

ಎದೆ ಮೂವತ್ತೆಂಟು, ಆಮೇಲೆ ನಲವತ್ತು, ನಲವತ್ತೊಂದು.
ಆಮೇಲೆ ಮೂವತ್ತಾರು.
ಅದರ ಮುಂದೆ ಬರೆದಿಲ್ಲ.

ನಿನ್ನೆ ಸಂಜೆ ಅಲ್ಮಾಜ್ ಬೂದು ಕೋಟು ತಂದಳು,
ಅವಳ ಬೈತಲೆಯಲ್ಲೂ ಅದೇ ಬೂದು.
ನಾಳೆ ಹತ್ತಕ್ಕೆ ಇಗರ್ಜಿ. ಅಪ್ಪನಿಗೆ ಇದು ದೊಗಲೆ ಎಂದಳು.
ಇಶಿ ಎಂದೆ.
ಬಾಯಿಗೆ ಬಂದದ್ದು ಅದೊಂದೇ.

ಟೇಪು ಹಿಡಿಯಲಿಲ್ಲ, ಕೈಗೆ ಗೊತ್ತಿತ್ತು.
ಎಡ ಭುಜದ ಇಳಿಜಾರು ಹಾಗೇ ಇರಲೆಂದು ಬಿಟ್ಟೆ.
ಬೆನ್ನಿನಲ್ಲಿ ಮೂರು ಇಂಚು ಹೆಚ್ಚಿತ್ತು.
ಕತ್ತರಿ ಹಾಕಲಿಲ್ಲ.
ಒಳಗೆ ಮಡಚಿ ಹೊಲಿದೆ,
ಬೇಕೆಂದಾಗ ಬಿಚ್ಚಲು ಬರುವ ಹಾಗೆ
ಸಡಿಲ ಹೊಲಿಗೆ.